ಗಿರ್ಜಕ್ಕನ ಕೈಯ ಹಗ್ಗ

ಗಿರ್ಜಕ್ಕ ಹಗ್ಗವನ್ನು ಮೊದಲು ಮೂಸಿ ನೋಡುತ್ತಿದ್ದರು. ಆಮೇಲೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಕಡೆಗೆ, ಹಗ್ಗವನ್ನು ಕಯಾಕ್ ಎಂಬ ಪುಟ್ಟ ದೋಣಿಯ ಮೈಗೆ ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿಯನ್ನು ಉಗುರಿನಿಂದ ಎಬ್ಬಿಸಿ ಅಡಿಯಲ್ಲಿ ಇಣುಕುತ್ತಿದ್ದರು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಅರ್ಧ ಆಯಸ್ಸು ಕಳೆದ ಹೆಂಗಸು. ಬಂಗುಡೆಯನ್ನು ಪರೀಕ್ಷಿಸುವ ಕ್ರಮವೇ ಹಗ್ಗಕ್ಕೂ ಬಂದಿತ್ತು. ಆ ಕೊಂಡಿಗಳಿಗೆ ಅವರು ಇಟ್ಟ ಹೆಸರೂ ಕೆಮಿ, ಅಂದರೆ ಕಿವಿ; ಮೀನಿನ ಕಿವಿರಿಗೂ ಅವರು ಹೇಳುವುದು ಅದನ್ನೇ.

"ನೈಲಾನ್ ಹಗ್ಗದಲ್ಲಿ ಎಂತ ವಾಸನೆ ಗಿರ್ಜಕ್ಕ?" ಎಂದು ನಾನು ಕೆಣಕಿದರೆ, "ಎಂತದೂ ಬತ್ತಿಲ್ಲೆ ಮರಾಯ್ತಿ. ಆರೆ ಮೂಸದ್ದೆ ಇದ್ರೆ ನಂಗ್ ಸಮಾಧಾನ ಇಲ್ಲೆ" ಎನ್ನುತ್ತಿದ್ದರು.

ಪಂಚಗಂಗಾವಳಿಯ ಹಿನ್ನೀರಿನಲ್ಲಿ ನಾನೂ ನನ್ನ ಗಂಡನೂ ಪ್ರವಾಸಿಗರಿಗಾಗಿ ಕಯಾಕ್ ಬಿಡುತ್ತೇವೆ. ಮಂಡಿನೋವಿನಿಂದ ಮೀನಿನ ಬುಟ್ಟಿ ಕೆಳಗಿಟ್ಟ ಗಿರ್ಜಕ್ಕ ನಮ್ಮಲ್ಲಿಗೆ ಬಂದದ್ದು ಚಾ ಮಾಡಿಕೊಡಲು, ಲೈಫ್ ಜಾಕೆಟ್ ಒಣಗಿಸಲು. ಆಗ ನಾವು ಕೊಂಡ ಹಳೆಯ ಕಯಾಕುಗಳ ಹಗ್ಗವೆಲ್ಲ ಸವೆದಿತ್ತು. ನಾವಿಬ್ಬರೂ ಮೊಬೈಲ್ ಮುಂದಿಟ್ಟುಕೊಂಡು, ಯಾರೋ ವಿದೇಶಿಯವನ ವಿಡಿಯೋ ನೋಡುತ್ತಾ ಗಂಟು ಹಾಕುವುದು, ಬಿಚ್ಚುವುದು, ಒಬ್ಬರನ್ನೊಬ್ಬರು ಬೈಯುವುದು ನಡೆದಿತ್ತು. ಹಿಂದೆ ನಿಂತು ನೋಡುತ್ತಿದ್ದ ಗಿರ್ಜಕ್ಕ ಚಾ ಲೋಟ ಪಕ್ಕಕ್ಕಿಟ್ಟು, "ಅಂವ ಮಾತ್ ಜಾಸ್ತಿ, ಗಂಟ್ ಕಮ್ಮಿ. ಇಲ್ಲ್ ಕೊಡಿ ಕಾಂಬ" ಎಂದು ಕೂತರು. ಅವರಿಗೂ ಮೊದಲ ದಿನ ಬರಲಿಲ್ಲ. ಆದರೆ ಫೋನನ್ನು ಮನೆಗೆ ಒಯ್ದು ಮತ್ತೆ ಮತ್ತೆ ಅದೇ ವಿಡಿಯೋ ನೋಡಿ ಕಲಿತು ಬಂದರು. ಆ ವಯಸ್ಸಿನಲ್ಲಿ ಅಷ್ಟು ಹಟ ಹಿಡಿದು ಕಲಿತದ್ದು ನನಗೆ ಬಹಳ ಇಷ್ಟವಾಯಿತು.

ಕಯಾಕಿನ ಮೈ ನುಣ್ಣಗಿರುತ್ತದೆ. ಮಗುಚಿ ನೀರಿಗೆ ಬಿದ್ದವರಿಗೆ ಹಿಡಿದುಕೊಳ್ಳಲು ಸುತ್ತ ಕಟ್ಟಿದ ಆ ಹಗ್ಗವೊಂದೇ ಗತಿ. ತೀರಾ ಬಿಗಿಯಾದರೆ ಅದರಡಿ ಬೆರಳು ನುಗ್ಗುವುದಿಲ್ಲ, ಸಡಿಲವಾದರೆ ಹತ್ತುವಾಗ ಕಾಲು ಸಿಕ್ಕಿಕೊಳ್ಳುತ್ತದೆ. "ಬಳಿ ಸಮೇತ ಕೈ ಒಳ್ಗ್ ಹೋಯ್ಕ್, ಕಾಲ್ ಸಿಕ್ಕುಕಾಗ" ಎನ್ನುವುದು ಗಿರ್ಜಕ್ಕ ತಮ್ಮ ಬಳೆಗೈಯಿಂದಲೇ ಮಾಡಿಕೊಂಡ ಅಳತೆ. ಸಂಜೆ ಹಗ್ಗಕ್ಕೆ ಬಾವಿ ನೀರು ಹೊಯ್ದು ಉಪ್ಪು ತೊಳೆಯುವರು, ಎಳೆ ಬಿಚ್ಚಿದ ತುದಿಗಳನ್ನು ಲೈಟರಿನಿಂದ ಸುಟ್ಟು ಒತ್ತುವರು. ಬೆರಳೂ ಸುಟ್ಟುಕೊಳ್ಳುವರು, ಲೈಟರಿಗೆ ಬೈಯುವರು.

ಒಮ್ಮೆ ರಜೆಯ ದಿನ, ಗಿರಾಕಿಗಳು ಜಾಕೆಟ್ ತೊಟ್ಟು ಸಾಲಾಗಿ ನಿಂತಿದ್ದಾರೆ. ಗಿರ್ಜಕ್ಕ ಒಂದು ಕಯಾಕಿನ ಮೇಲೆ ಕೂತುಬಿಟ್ಟರು. ಹಗ್ಗದ ಬಣ್ಣ ಬಿಸಿಲಿಗೆ ಹೋಗಿದೆ, ಒಳಗೂ ಹಾಳಾಗಿದೆ, ಇದನ್ನು ಬಿಡುವುದಿಲ್ಲ ಎಂಬುದು ಅವರ ವಾದ. ನಾನು ಬೇಡಿದೆ, ರೇಗಿದೆ. "ಬೇಕಾರೆ ನನ್ನನ್ನೂ ಸೇರ್ಸಿ ಎತ್ಕಂಡ್ ಹೋಯ್ನಿ!" ಎಂದರು. ಗಿರಾಕಿಗಳು ನಗುತ್ತಾ ಫೋಟೋ ತೆಗೆದರು. ಕಡೆಗೆ ನಾನೇ ಸೋತು ಹಗ್ಗ ಕತ್ತರಿಸಿ ನೋಡಿದರೆ ಒಳಗಿನ ಎಳೆಗಳು ಹೊಸದರ ಹಾಗೆ ಗಟ್ಟಿಯಾಗಿದ್ದವು. ತೋರಿಸಿದೆ. ಗಿರ್ಜಕ್ಕನಿಗೆ ನಾಚಿಕೆಯೇನೂ ಆಗಲಿಲ್ಲ.

"ಒಳ್ಳೆ ಬಂಗ್ಡಿನೂ ಹಾಳಾಯ್ತೋ ಏನೋ ಅಂತ ಬಿಸಾಡಿದ್ದಿತ್ತ್ ನಾನ್. ಆರೆ ನನ್ನ್ ಮೀನ್ ತಿಂದ್ ಯಾರೂ ಸೀಕ್ ಬಿದ್ದ್ ಮಲ್ಗಲಿಲ್ಲೆ."

ಅವತ್ತು ಒಂದು ಕಯಾಕ್ ದಡದಲ್ಲೇ ಉಳಿಯಿತು. ನಾನು ಸಂಜೆಯವರೆಗೆ ಮಾತು ಬಿಟ್ಟಿದ್ದೆ. ಅವರು ಮನೆಗೆ ಹೊರಡುವ ಮುಂಚೆ ನನ್ನ ಚಾಕ್ಕೆ ಶುಂಠಿ ಜಜ್ಜಿ ಹಾಕಿ ಹೋಗಿದ್ದರು.

ಕಳೆದ ಮಳೆಗಾಲ ಮುಗಿದು ಮತ್ತೆ ಕಯಾಕ್ ನೀರಿಗಿಳಿಸುವ ಹೊತ್ತಿಗೆ ಅವರ ಬೆರಳ ಗಿಣ್ಣುಗಳು ಬಾತುಕೊಂಡಿದ್ದವು. ಶಿರೂರಿನಲ್ಲಿದ್ದ ಮಗಳು ತನ್ನಲ್ಲಿಗೆ ಬಂದಿರು ಎಂದು ಕರೆಯುತ್ತಲೇ ಇದ್ದಳು. "ನಾ ಹೋರೆ ಈ ಹಗ್ಗ ಯಾರ್ ಕಾಂತ್ರ್?" ಎಂದು ಇವರು ಜಾರಿಕೊಳ್ಳುತ್ತಿದ್ದರು. ಒಂದು ಸಂಜೆ ಅವರು ಹೋದ ಮೇಲೆ ಸುಮ್ಮನೆ ಒಂದು ಗಂಟನ್ನು ಎಳೆದೆ. ಅದು ಜಾರಿ ಬಂತು. ಮತ್ತೊಂದನ್ನು ಎಳೆದೆ, ಅದೂ ಬಂತು. ಅವರಿಗೆ ಹೇಳಿದರೆ ಅವರು ಇಲ್ಲಿರುವುದಿಲ್ಲ, ಹೇಳದಿದ್ದರೆ ನೀರಿಗೆ ಬಿದ್ದವರ ಕೈಗೆ ಈ ಗಂಟು ಸಿಗುತ್ತದೆ. ಅವರನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅಂದಿನಿಂದ ಅವರು ಮನೆಗೆ ಹೋದ ಮೇಲೆ ಎಲ್ಲ ಗಂಟುಗಳನ್ನೂ ಬಿಚ್ಚಿ ನಾನೇ ಕಟ್ಟತೊಡಗಿದೆ.

ಒಂದು ಬೆಳಗ್ಗೆ ಗಿರ್ಜಕ್ಕ ಕರೆದರು. "ಹ್ವಾಯ್, ಬಾ ಇಲ್ಲ್. ಇದ್ ಯಾರ್ ಗಂಟ್?"

"ನಿಮ್ದೇ ಅಲ್ದಾ?"

"ನನ್ನ್ ಕೈಗ್ ನೋವಾದ್ದ್, ತಲಿಗಲ್ಲ. ಇದ್ ಎಡ್ಗೈ ಗಂಟ್. ಮಕ ಆಚಿ ಬದಿಗ್ ಮಾಡ್ಕಂಡ್ ಕೂಕಂಡಿತ್ತ್."

ನಾನು ಎಡಚಿ. ಆ ಯೋಚನೆಯೇ ನನಗೆ ಬಂದಿರಲಿಲ್ಲ. ಉಳಿದದ್ದನ್ನೆಲ್ಲ ಹೇಳಿಬಿಟ್ಟೆ. ಸಿಟ್ಟಾಗುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ನೀ ಕಾಂಬುಕ್ ಮುಂಚೆ, ನನ್ನ್ ಗಂಟ್ ಇದ್ದಾಗ, ಯಾರಾರೂ ಬಿದ್ದಿರಾ?"

"ಇಲ್ಲ ಗಿರ್ಜಕ್ಕ. ಯಾರೂ ಬೀಳಲಿಲ್ಲೆ."

ಅವರು ಕಯಾಕಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು, ಧೈರ್ಯ ಬರಲಿಲ್ಲ. ಕಣ್ಣು ಬಿಟ್ಟವರೇ ಒಂದು ಜಾಕೆಟ್ ತೆಗೆದು ಸೀರೆಯ ಮೇಲೆ ತೊಟ್ಟರು. "ದೋಣಿ ನೀರಿಗ್ ತಳ್ಳ್" ಎಂದರು.

ಹುಟ್ಟಿದ್ದು, ಬೆಳೆದದ್ದು ಕೋಡಿ ಊರಿನ ಕಡಲ ಬುಡದಲ್ಲಾದರೂ ಅವರಿಗೆ ಈಜು ಬಾರದು. ನೀರಿಗೆ ಮೊಣಕಾಲಿನಾಚೆ ಇಳಿದದ್ದನ್ನು ನಾನು ಕಂಡಿಲ್ಲ. ಬೇಡ ಎಂದರೂ ಕೇಳಲಿಲ್ಲ. ಕಯಾಕಿನ ಪಕ್ಕ ನಡೆಯುತ್ತಾ ಸೊಂಟದವರೆಗೆ, ಎದೆಯವರೆಗೆ ಬಂದರು. ಸೀರೆ ನೀರಿನ ಮೇಲೆ ಉಬ್ಬಿತು. ನಾನು ಇನ್ನೊಂದು ಬದಿಯಲ್ಲಿ ಕಯಾಕ್ ಹಿಡಿದು ನಿಂತಿದ್ದೆ. ನಾನು ಕಟ್ಟಿದ ಹಗ್ಗದೊಳಗೆ ಅವರು ಬಳೆಗಳ ಸಮೇತ ಎರಡೂ ಕೈ ತೂರಿಸಿದರು.

"ಬಿಡೂಕಾಗ ಹಾಂ?"

"ಬಿಡುದಿಲ್ಲೆ."

ಗಿರ್ಜಕ್ಕ ನೆಲದಿಂದ ಎರಡೂ ಕಾಲು ಎತ್ತಿದರು. ಅವರ ಭಾರ ಹಗ್ಗದ ಮೇಲೆ ಬಿತ್ತು. ಕಯಾಕ್ ಅವರತ್ತ ವಾಲಿತು, ಗಂಟು ಕಿರುಗುಟ್ಟಿತು, ಜಾರಲಿಲ್ಲ. ಗಲ್ಲದವರೆಗೆ ನೀರು ಬಂದರೂ ಅವರು ಹಾಗೆಯೇ ನೇತಾಡುತ್ತಾ ನನ್ನ ಮುಖ ನೋಡುತ್ತಿದ್ದರು.

"ಅಡ್ಡಿಲ್ಲ ಮರಾಯ್ತಿ," ಎಂದರು. "ಇನ್ ನಾ ಧೈರ್ಯದಲ್ಲ್ ಶಿರೂರಿಗ್ ಹೋಪುಕಾತ್ತ್."