ಗೋಡೆ ದಾಟಿದರೆ ಔಟ್

ಆಟದಿಂದ ನಿವೃತ್ತಿಯಾದ ಮೇಲೂ ಇವರು ಬಿಡುವುದಿಲ್ಲ ಮಾರಾಯ್ರೆ! ಮೊಣಕಾಲು ಕೈಕೊಟ್ಟು ಬ್ಯಾಟ್ ಕೆಳಗಿಟ್ಟವ ನಾನು. ಇವತ್ತು ಇಲ್ಲಿ ದುಬೈನ ಸತ್ವಾದಲ್ಲಿ ನಮ್ಮವರ ಶುಕ್ರವಾರದ ಕ್ರಿಕೆಟ್ ನೋಡಲು ಹೋಗಿದ್ದೆ. ಆಟ ಮುಗಿದು ಚಾ ಕುಡಿಯುವಾಗ ಟೀಮಿನ ಪ್ರವೀಣ ಲ್ಯಾಪ್‌ಟಾಪ್ ತೆರೆದ. ಒಬ್ಬನ ಬದಲು ಬೇರೊಬ್ಬ ಆಡಿದ್ದರೆ ಏನಾಗುತ್ತಿತ್ತು ಎಂದು ಅಳೆಯುವ ಯಾವುದೋ ಬೇಸ್‌ಬಾಲ್ ಸೂತ್ರ ಹಾಕಿ ನನ್ನ ಇಷ್ಟು ವರ್ಷದ ಆಟಕ್ಕೆ ಬೆಲೆ ಕಟ್ಟಿದ್ದಾನೆ.

"ಅಣ್ಣಾ, ನಿಮ್ಮ ಬದಲು ಯಾರನ್ನು ನಿಲ್ಲಿಸಿದ್ರೂ ಟೀಮಿಗೆ ಇಷ್ಟೇ ರನ್ ಬರ್ತಿತ್ತು. ನೀವು ಔಟಾಗಿದ್ದೇ ಜಾಸ್ತಿ."

"ಹೇಗೆ ಔಟಾದೆ ಅಂತ ನೋಡಿದ್ಯಾ? ಪಕ್ಕದ ವಿಲ್ಲಾದ ಗೋಡೆ ದಾಟಿದ್ರೆ ಔಟ್ ಅನ್ನೋದು ನಾವೇ ಮಾಡಿಕೊಂಡ ರೂಲು. ಬೇರೆ ಕಡೆ ಅದೆಲ್ಲ ಸಿಕ್ಸರ್!"

"ಔಟ್ ಅಂದ್ರೆ ಔಟೇ ಅಲ್ವಾ ಅಣ್ಣಾ?"

ಆಯ್ತಪ್ಪ, ಖಲಾಸ್. ಗೋಡೆಗೆ ಹೆದರಿ ಒಂದೊಂದು ರನ್ ಕದ್ದವರೇ ನಿನ್ನ ಲೆಕ್ಕದಲ್ಲಿ ಮೇಲಿರಲಿ. ಈ ಮೊಣಕಾಲು ಒಮ್ಮೆ ಸರಿಯಾಗಲಿ, ನಾನು ಮತ್ತೆ ಅಲ್ಲಿಗೇ ಹೊಡೆದು ಔಟಾಗುತ್ತೇನೆ.