ಬೇಲೇಕೇರಿಯಲ್ಲಿ ಪಂಚಮಿಯ ಜೋಕಾಲಿ

ಶ್ರಾವಣ ಶುದ್ಧ ಪಾಡ್ಯದ ದಿನ ನಸುಕಿನಲ್ಲಿ ತುಕ್ಕಾನಟ್ಟಿಯಿಂದ ಚಕ್ಕಡಿ ಹೂಡಿಸಿಕೊಂಡು ಗೋಕಾಕ ರೋಡ್ ಸ್ಟೇಶನ್ನಿಗೆ ಹೊರಟೆ. ಕಡಲ ದಂಡೆಯ ಬೇಲೇಕೇರಿಗೆ ಹೋಗಿ ಅಕ್ಕ ಪಾರವ್ವನನ್ನು ಪಂಚಮಿಗೆ ಕರೆತರಬೇಕಿತ್ತು. ಮದುವೆಯಾದ ಮೇಲೆ ಅವಳಿಗೆ ಇದು ಮೊದಲ ಪಂಚಮಿ. ಅವಳ ಗಂಡ, ಹುಕ್ಕೇರಿಯವರಾದ ಮಾಮಾ, ಅಲ್ಲಿಯ ಬಂದರದ ಜಕಾತಿ ನಾಕಾದಲ್ಲಿ ಕಾರಕೂನರು. ಬಿದಿಗೆಗೆ ಮುಟ್ಟುವುದು, ತದಿಗೆಗೆ ಹೊರಡುವುದು, ಚೌತಿಯ ಸಂಜೆ ಮನೆ ಸೇರುವುದು ಎಂದು ಲೆಕ್ಕ ಹಾಕಿದ್ದೆ.

"ಆಕಿ ಬಂದ ಮ್ಯಾಗ ಬೇವಿನ ಮರಕ್ಕ ಜೋಕಾಲಿ ಕಟ್ಟೂಣು. ಲಗೂನ ಬರ್ರಿ," ಎಂದು ಅವ್ವ ಉಂಡಿಯ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು.

ಬೆಳಗಾವಿ ದಾಟುತ್ತಲೇ ಮಳೆ ಹಿಡಿಯಿತು. ಲೋಂಡಾದಲ್ಲಿ ಕಿಟಕಿ ಮುಚ್ಚಿದರೂ ಬಟ್ಟೆ ತೊಯ್ದವು. ಮರುದಿನ ಹುಬ್ಬಳ್ಳಿಯಲ್ಲಿ ಅಂಕೋಲೆಯ ಮೋಟಾರು ಹತ್ತಿದೆ. ಬಾಡಿಗೆ ದುಬಾರಿ ಎನಿಸಿತು. ಆದರೆ ಹೊತ್ತಿಗೆ ಮುಟ್ಟಿಸಿದರೆ ಸಾಕಿತ್ತು. ಮುಟ್ಟಿಸಲಿಲ್ಲ. ಅರಬೈಲು ಘಟ್ಟದ ನೆತ್ತಿಯಲ್ಲಿ ಗುಡ್ಡದ ಮಣ್ಣು ರಸ್ತೆಗೆ ಇಳಿದು ಕೂತಿತ್ತು.

ತದಿಗೆಯೂ ಅಲ್ಲೇ ಕಳೆಯಿತು. ಅಂಗಡಿಯೊಂದರ ಮಾಡಿನ ಕೆಳಗೆ ಅವಲಕ್ಕಿ ತಿಂದು, ಚಹಾ ಕುಡಿದು, ಎದ್ದು ಹೋಗಿ ಮಣ್ಣಿನ ರಾಶಿ ನೋಡಿ, ಮತ್ತೆ ಬಂದು ಕೂತೆ. ಡ್ರೈವರು ಬೀಡಿ ಸೇದುತ್ತ, "ನೀವು ಹೀಂಗೆ ತಿರುಗಿದ್ರೆ ಗುಡ್ಡ ಬಾಜೂಕ ಸರೀತದೇನ್ರಿ?" ಎಂದ. ಚೌತಿಯ ಬೆಳಿಗ್ಗೆ ಕಾಯುವುದು ಆಗಲಿಲ್ಲ. ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು, ಮೊಣಕಾಲ ತನಕ ಕೆಸರು ತುಳಿದು ಘಟ್ಟ ಇಳಿದೆ. ಕೆಳಗೆ ಎತ್ತಿನ ಗಾಡಿ ಸಿಕ್ಕಿತು.

ಬೇಲೇಕೇರಿ ಮುಟ್ಟಿದಾಗ ಪಂಚಮಿಯ ಬೆಳಗು. ಅಕ್ಕ ಬಾಗಿಲಲ್ಲಿ ನಿಂತು ನನ್ನ ಕೆಸರುಗಾಲು ನೋಡಿದಳು.

"ಟ್ರಂಕು ತುಂಬಿಟ್ಟು ಮೂರು ದಿನ ಕುಂತೆ. ನಮ್ಮ ತಮ್ಮ ಕರಿಯಾಕ ಬರ್ತಾನ ಅಂತ ಕೇರಿಗೆಲ್ಲ ಹೇಳಿದ್ದೆ. ದಾರ್ಯಾಗ ಯಾರ ನಿದ್ದಿ ಮಾಡಾಕತ್ತಿದ್ದಿ ಭೀಮು?" ಎಂದಳು. ಟ್ರಂಕು ಬಿಚ್ಚಿಯಾಗಿತ್ತು.

ನನಗೆ ಕೂಡ್ರಲಾಗಲಿಲ್ಲ. ಊರಿಗೆ ಒಯ್ಯಲಾಗದಿದ್ದರೆ ಜೋಕಾಲಿಯನ್ನಾದರೂ ಇಲ್ಲಿ ಕಟ್ಟಬೇಕು ಎಂದುಕೊಂಡೆ. ಬಾಜೂ ಮನೆಯ ಮೀನುಗಾರ ಮುದುಕಿ ಸಣ್ಣಮ್ಮನಿಂದ ದೋಣಿಯ ಹಗ್ಗ ಬೇಡಿ ತಂದೆ, ಏತಕ್ಕೆಂದು ಹೇಳಲಿಲ್ಲ. ಹಿತ್ತಲಾಚೆ ಆಲದಂಥ ಒಂದು ಭಾರಿ ಗೋಳಿ ಮರ. ನಮ್ಮಲ್ಲಿ ಪಂಚಮಿಗೆ ಗಟ್ಟಿ ಟೊಂಗೆ ಕಂಡಲ್ಲಿ ಹಗ್ಗ ಬೀಳುತ್ತದೆ. ಹತ್ತಿದೆ, ಅಡ್ಡ ಬಂದ ಟಿಸಿಲುಗಳನ್ನು ಮುರಿದು ಒಗೆದೆ.

ಗಂಟು ಹಾಕುವಷ್ಟರಲ್ಲಿ ಹಾಲಿನ ತಂಬಿಗೆ, ಎಳನೀರು ಹಿಡಿದ ಹೆಂಗಸರು ಸಾಲಾಗಿ ಬಂದರು. ಮುಂದಿದ್ದವಳು ಸಣ್ಣಮ್ಮನೇ.

"ಇಳೀರಾ! ಅಯ್ಯೋ, ಇಳೀರಾ ಕೆಳಗೆ! ನಾಗನ ಬನ ಅದು! ಇದ್ರ ಎಲೆ ಸಹ ನಾವು ಹರಿಯೂದಿಲ್ಲ!"

ಬುಡ ನೋಡಿದೆ. ಜರಿಗಿಡದ ನಡುವೆ ನಾಗರ ಕಲ್ಲುಗಳಿದ್ದವು. ನಾನು ಮುರಿದ ಟಿಸಿಲು ಅವುಗಳ ಮೇಲೆಯೇ ಬಿದ್ದಿತ್ತು. ಇಳಿದೆ. ಕೂಗು ಕೇಳಿ ಅಕ್ಕ ಓಡಿ ಬಂದಿದ್ದಳು. ನಾನು ನಾಳೆ ಹೋಗುವವನು. ಅವಳು ಇವರ ನಡುವೆಯೇ ಬಾಳಬೇಕು.

"ನಮ್ಮ ಕಡೆ ಪಂಚಮಿ ಅಂದ್ರ ಜೋಕಾಲಿರಿ. ಇವಗ ಬನದ ಸುದ್ದಿ ಗೊತ್ತಿಲ್ಲ. ನಾ ಹೇಳಬೇಕಿತ್ತು, ಹೊಟ್ಟಿಗೆ ಹಾಕ್ಕೋರಿ," ಎಂದು ಸಣ್ಣಮ್ಮನ ಕೈ ಹಿಡಿದುಕೊಂಡಳು.

ಮುದುಕಿ ನನ್ನ ಕೈಗೆ ಹಾಲಿನ ತಂಬಿಗೆ ಕೊಟ್ಟಳು. ಟಿಸಿಲುಗಳನ್ನು ತೆಗೆದು, ಕಲ್ಲಿಗೆ ಹಾಲೆರೆದು, ಅಡ್ಡಬಿದ್ದೆ. ಎಲ್ಲರ ಪೂಜೆ ಮುಗಿಯುವ ತನಕ ಮಳೆಯಲ್ಲಿ ನಿಂತೆ. ಆಮೇಲೆ ಅವಳು ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ್ ದೊಡ್ಡ ಹೆಂಗಸಿಗೆ ತೊಟ್ಟಿಲು ತೂಗೂದಾ?" ಎಂದಳು. ಯಾರೋ ಕಿಸಕ್ಕೆಂದರು. "ಬರ್ರಾ, ಹಗ್ಗ ಎತ್ಕಣಿ."

ಮಳೆಗಾಲಕ್ಕೆ ದೋಣಿಗಳನ್ನು ಎಳೆದಿಟ್ಟಿದ್ದ ದಂಡೆಯ ಚಪ್ಪರಕ್ಕೆ ಕರೆದೊಯ್ದಳು. ಅಡ್ಡ ತೊಲೆಯಿಂದ ಬಲೆಗಳನ್ನು ಇಳಿಸಿ, "ಇದಕ್ಕೆ ಕಟ್ಟಿ. ಹಸಿ ಬಲೆ ತಡೆದದ್ದು ನಿಮ್ಮಕ್ಕನ್ನ ತಡೀದೇ?" ಎಂದಳು.

ಹಗ್ಗ ಕಟ್ಟಿ, ದೋಣಿಯ ಹಲಗೆಯೊಂದನ್ನು ಸಿಕ್ಕಿಸಿದೆ. ಅಕ್ಕ ಸೀರೆ ಬಿಗಿದು ಅದರ ಮೇಲೆ ನಿಂತು ಜೀಕಿದಳು. ಚಪ್ಪರದ ಬಾಯಿಂದಾಚೆ ಮಳೆಯೊಳಗೆ ಹೋಗಿ, ತೊಯ್ದು ಒಳಗೆ ಬಂದಳು. ಮೊದಲು ಹೆದರಿದ ಹೆಂಗಸರು ಆಮೇಲೆ ಪಾಳಿಗಾಗಿ ಜಗಳಾಡಿದರು. ಅವ್ವನ ಉಂಡಿ ಅವರ ಕೈಗೆ ಹೋದವು. ಅರಿಶಿನ ಎಲೆಯಲ್ಲಿ ಬೇಯಿಸಿದ ಅವರ ಕಡುಬು ನಮ್ಮ ಕೈಗೆ ಬಂದವು.

ಸಂಜೆ ಮತ್ತೆ ಲೆಕ್ಕ ಹಾಕಿದೆ. "ನಾಳೆ ಹೊರಟರ ಅಷ್ಟಮಿಗೆ ಮನಿ ಮುಟ್ಟತೇವಿ. ನಡಿ ಅಕ್ಕಾ."

"ಊರಾಗ ಅವರವರ ಜೋಕಾಲಿ ಬಿಚ್ಚೂದು ನೋಡಾಕ ಬರಲೇನು? ಹುಣ್ಣಿವಿಗೆ ಇವರು ಸಮುದ್ರಕ್ಕ ತೆಂಗಿನಕಾಯಿ ಕೊಟ್ಟು ದೋಣಿ ಇಳಸ್ತಾರ. ಅಲ್ಲೀ ತನಕಾ ಹಗ್ಗ ಇರಲಿ ಅಂದಾಳ ಸಣ್ಣಮ್ಮ. ದೀಪಾವಳಿಗೆ ಬರ್ತೇನಿ."

ನಾಕಾದಿಂದ ಬಂದು ಕೂತಿದ್ದ ಮಾಮಾ ನಕ್ಕು, "ನಾನಽ ಕರ್ಕೊಂಡು ಬರ್ತೇನಿ ಭೀಮಪ್ಪ," ಎಂದರು.

"ಅವ್ವಗ ಏನ ಹೇಳಲಿ?"

"ಜೋಕಾಲಿ ಕಟ್ಟಿ ಬಂದೆ ಅಂತ ಹೇಳು."

ಷಷ್ಠಿಯ ಬೆಳಿಗ್ಗೆ ಖಾಲಿ ಡಬ್ಬಿಯಲ್ಲಿ ಕಡುಬು ತುಂಬಿಕೊಂಡು ಒಬ್ಬನೇ ಗಾಡಿ ಹತ್ತಿದೆ. ತಿರುವಿನಲ್ಲಿ ಹಿಂದೆ ನೋಡಿದೆ. ಚಪ್ಪರದ ಬಾಯಿಂದ ಕೆಂಪು ಸೀರೆಯೊಂದು ಕಡಲಿನತ್ತ ಚಿಮ್ಮಿ ಒಳಗೆ ಹೋಯಿತು. ಅಕ್ಕ ಎಂದು ಕೈ ಎತ್ತಿದೆ. ಮತ್ತೆ ಹೊರಬಂದಾಗ ನೋಡಿದರೆ, ಸಣ್ಣಮ್ಮ.