ಕಾಂದಿವಲಿಯ ಹೊಸ ಮನೆಯಲ್ಲಿ ಅವ್ವನ ಪ್ರಾರ್ಥನೆ

ಮುಂಬಯಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಯಾರನ್ನಾದರೂ ಬೈಯಬೇಕೆಂದರೆ ಪ್ರಾರ್ಥನೆಯಲ್ಲೇ ಬೈಯುತ್ತಾರೆ. ಎಲ್ಲರ ಕಣ್ಣು ಮುಚ್ಚಿರುತ್ತವೆ, ಮಾತು ದೇವರ ಜೊತೆ ನಡೆದಿರುತ್ತದೆ, ನಡುವೆ ಎದ್ದು ಜವಾಬು ಕೊಡುವ ಹಾಗಿಲ್ಲ. 'ಕರ್ತನೇ, ಸೊಸೆ ಮಾಡಿದ ಸಾರಿಗೆ ಹೆಸರಿಡುವ ಅತ್ತೆಯಂದಿರ ಮನಸ್ಸು ತಿದ್ದು' ಎಂದು ಸೊಸೆ ಬೇಡಿಕೊಂಡರೆ ಅತ್ತೆಯೂ ಆಮೆನ್ ಅನ್ನಲೇಬೇಕು. ಈ ವಿದ್ಯೆಯಲ್ಲಿ ನಮ್ಮವರದು ಪಳಗಿದ ಕೈ.

ಹಾಗಾಗಿ ಕಾಂದಿವಲಿಯ ಆ ಹೊಸ ಮನೆಯ ಪ್ರಾರ್ಥನೆಗೆ ಅವ್ವ ಹೊರಟಾಗ ನಾನೂ ಖುಷಿಯಿಂದಲೇ ಹೊರಟೆ. ಆ ಮನೆಯ ಯಜಮಾನರು ಒಂದು ಕಾಲಕ್ಕೆ ಅವ್ವ ಕೆಲಸ ಮಾಡುತ್ತಿದ್ದ ಹೊಲಿಗೆ ಕಾರ್ಖಾನೆಯ ಸೂಪರ್‌ವೈಸರ್. ನಮ್ಮ ಗದಗಿನ ಕಡೆಯವರೇ, ನಮ್ಮ ಸಭೆಯವರೇ. ಹೊರದೇಶಕ್ಕೆ ಹೋಗಬೇಕಾದ ಶರ್ಟುಗಳನ್ನು ಹಿಂಬಾಗಿಲಿನಿಂದ ಮಾರಿದರು. ಸಿಕ್ಕಿಬೀಳುವ ಹೊತ್ತಿಗೆ ಅದನ್ನು ಚೆಕ್ಕಿಂಗ್ ಟೇಬಲ್ಲಿನಲ್ಲಿದ್ದ ಅವ್ವನ ತಲೆಗೆ ಕಟ್ಟಿದರು. ಹನ್ನೊಂದು ವರ್ಷದ ಕೆಲಸ ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಅದು ಹೋಗಲಿ, ಸಭೆಯಲ್ಲಿ ಅವ್ವನ ಪಕ್ಕ ಕೂರುವ ಹೆಂಗಸರು ತಮ್ಮ ಪರ್ಸುಗಳನ್ನು ಆಚೆ ಎಳೆದುಕೊಳ್ಳತೊಡಗಿದರು. ಆ ಸೂಪರ್‌ವೈಸರಿಗೆ ಸ್ವಂತ ಕಾರ್ಖಾನೆಯಾಯಿತು, ಕಾರು ಬಂತು, ಸಭೆಯ ಕಮಿಟಿಯಲ್ಲಿ ಕುರ್ಚಿ ಸಿಕ್ಕಿತು. ಅವ್ವ ವಿಕ್ರೋಳಿಯ ಚಾಳಿನಲ್ಲಿ ಸೀರೆಗಳಿಗೆ ಫಾಲ್ ಹಚ್ಚುತ್ತ ಕೂತಳು. ದುಷ್ಟರೇ ಯಾಕೆ ಇಷ್ಟು ಚೆನ್ನಾಗಿರುತ್ತಾರೆ ಎಂದು ನಾನು ದೇವರ ಜೊತೆ ಎಷ್ಟು ಜಗಳ ಆಡಿದ್ದೇನೋ ಅವನಿಗೇ ಗೊತ್ತು.

ಮನೆ ಹದಿನಾಲ್ಕನೆಯ ಮಹಡಿಯಲ್ಲಿತ್ತು. ಅಡುಗೆಮನೆಯೊಂದೇ ನಮ್ಮ ಇಡೀ ಖೋಲಿಯಷ್ಟು. ಹಾಡು ಮುಗಿಯಿತು. ಸಭೆಯ ಪಾಸ್ಟರು ಈಚೆಗೆ ಬಂದವರು, ಹಳೆಯ ಕತೆ ಅರಿಯದವರು. ಹಿರಿಯರೆಂದು ಅವ್ವನ ಕಡೆ ತಿರುಗಿ, "ಅಕ್ಕಾರ, ನೀವು ಪ್ರಾರ್ಥನಾ ಮಾಡ್ರಿ," ಅಂದರು. ಇಡೀ ಸಭೆ ಅಲ್ಲಿತ್ತು. ಕಳ್ಳಿ ಎಂಬ ಹೆಸರು ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಅವ್ವನಿಗೆ ಸಿಗುವ ಹಾಗಿರಲಿಲ್ಲ.

"ಕರ್ತನೇ, ನಿನಗ ಎಲ್ಲಾ ಗೊತ್ತೈತಿ," ಅಂದ ಅವ್ವ ಅಲ್ಲಿಗೇ ನಿಲ್ಲಿಸಿಬಿಟ್ಟಳು. ಯಾರೋ ಕೆಮ್ಮಿದರು. ಆಮೇಲೆ ಆ ಮನೆಯ ನಳದ ನೀರಿಗೆ, ಮಕ್ಕಳ ಓದಿಗೆ, ಮಂಡಿ ನೋಯುವ ಮುದುಕಿಗೆ ಒಂದೊಂದಾಗಿ ಬೇಡಿಕೊಂಡಳು. "ಈ ಮನಿ ಯಜಮಾನಗ ಅಂಜಿಕಿ ಇಲ್ಲದ ಒಂದು ದಿನಾ ಕೊಡಪ್ಪಾ," ಎಂದು ಮುಗಿಸಿದಳು. ಯಜಮಾನರ ಬಾಯಿಂದ ಆಮೆನ್ ಹೊರಡಲಿಲ್ಲ. ಚಹಾ ಮಾತ್ರ ಅವರೇ ತಂದುಕೊಟ್ಟರು. ತಪ್ಪಾಯಿತು ಎಂದು ಅವರು ಅವತ್ತು ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ.

ವಾಪಸ್ ಬರುವಾಗ ಲೋಕಲ್ ಬದಲಿಸಲು ದಾದರಿನ ಸೇತುವೆ ಹತ್ತುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ.

"ಬಾಯಿಗೆ ಬಂದದ್ದನ್ನ ಯಾಕ ನುಂಗಿದಿ, ಅವ್ವಾ?"

"ಬೈಬೇಕಂತನ ಹೋಗಿದ್ನೆವಾ. ಮನ್ಯಾಗ ಎರಡು ಸಲ ಹೇಳಿ ನೋಡ್ಕೊಂಡಿದ್ದೆ. ನಡುವ ಕಣ್ಣು ಬಿಟ್ಟು ನೋಡಿದ್ನಿ. ಅಂವ ಭುಜಾ ಕುಗ್ಗಿಸ್ಕೊಂಡು, ಮಾಸ್ತರ ಹೊಡ್ತಕ್ಕ ಕಾಯೋರಂಗ ನಿಂತಿದ್ದ. ತನ್ನ ಮನ್ಯಾಗ! ದೇವರು ಅಂವಗ ಸುಖಾ ಕೊಟ್ಟಾನಂತ ನೀ ಅಂತಿ. ತಿದ್ಕೊಳ್ಳಾಕ ವ್ಯಾಳ್ಯಾ ಕೊಟ್ಟಾನಂತ ನನಗ ಕಾಣತೈತಿ. ಅದರಾಗ ನಾ ಯಾಕ ಅಡ್ಡ ಬರ್ಲಿ?"

ಹೆಸರು ಕಳೆದುಕೊಂಡವಳು ಅವಳು. ಅದನ್ನು ಗೆದ್ದುಕೊಳ್ಳುವ ಮಾತು ನಾಲಿಗೆಯ ತುದಿಯಲ್ಲಿದ್ದಾಗ, ಹೆಸರು ಕೆಡಿಸಿದವನ ಭುಜ ನೋಡಿ ಮರುಗಿದಳು. ನನ್ನ ಕೈಲಿ ಈ ಜನ್ಮದಲ್ಲಿ ಆಗದ ಕೆಲಸ. ಇಂಥವಳ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ ಎಂದು ಅಚ್ಚರಿಯಾಯಿತು. ಆದರೂ ಹಟ ಬಿಡಲಿಲ್ಲ.

"ಹಂಗಾದ್ರ ನ್ಯಾಯ ಅನ್ನೂದು ಎಲ್ಲೈತಿ?"

ಅವ್ವ ಮೆಟ್ಟಿಲ ನಡುವೆಯೇ ನಿಂತಳು. ಹಿಂದಿನವರು ಹಿಂದಿಯಲ್ಲೂ ಮರಾಠಿಯಲ್ಲೂ ಬೈಯುತ್ತಿದ್ದರು. ಅದನ್ನು ಕಿವಿಗೆ ಹಾಕಿಕೊಳ್ಳದೆ ನನ್ನ ಮುಖ ನೋಡಿದಳು.

"ಖರೆ ಹೇಳ. ಅಡಗಿಮನಿ ಕಟ್ಟಿ ಮ್ಯಾಲ ಅಷ್ಟೊತ್ತು ಕೈ ಆಡಿಸಾಕತ್ತಿದ್ದೆಲ್ಲಾ, ನಿನಗ ಬೇಕಾಗಿದ್ದು ನ್ಯಾಯೇನ, ಆ ಮನಿಯೇನ?"

ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತಿತ್ತು.

"ಮನಿ," ಅಂದೆ.